ಕೊಲಂಬೊ ದಾರಿಯ ಮೆಣಸಿಗೆ ಸುಂಕವಿಲ್ಲವೇ?

ಪ್ರಶ್ನೆ: ನೆರೆಯ ದೇಶಗಳೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದ ಇನ್ನಷ್ಟು ಸಡಿಲವಾದರೆ, ವಿಯೆಟ್ನಾಂ ಮೆಣಸು ಶ್ರೀಲಂಕಾ ಮೂಲಕ ಸುಂಕವಿಲ್ಲದೆ ಮೈಸೂರಿನ ಸಂತೇಪೇಟೆಗೆ ಬರುವುದಿಲ್ಲವೇ?

ಉತ್ತರ: ಕೊಡಗಿನ ಕರಿಮೆಣಸಿನ ದರ ಇಳಿದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಹಿಂದೆ ಹಲವು ಸಲ ಚಿಕ್ಕದಾಗಿ ಉತ್ತರಿಸಿದ್ದೇನೆ. ಆದರೂ ಅದೇ ತಪ್ಪು ತಿಳಿವಳಿಕೆ ಮತ್ತೆ ಮತ್ತೆ ಎದುರಾಗುತ್ತಿರುವುದರಿಂದ ಈ ಬಾರಿ ವಿವರವಾಗಿಯೇ ಬರೆಯುತ್ತೇನೆ.

ಹಡಗು ಯಾವ ದೇಶದಿಂದ ಹೊರಟಿತೋ ಆ ದೇಶದ ರಿಯಾಯಿತಿ ಮಾಲಿಗೆ ಸಿಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಇದು ಪೂರ್ತಿ ತಪ್ಪು. ರಿಯಾಯಿತಿಯನ್ನು ನಿರ್ಧರಿಸುವುದು ಮಾಲು ಹುಟ್ಟಿದ ದೇಶ. 1998ರಲ್ಲಿ ಸಹಿಯಾಗಿ 2000ದ ಮಾರ್ಚ್‌ನಿಂದ ಜಾರಿಯಲ್ಲಿರುವ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದ ಮೂಲ ನಿಯಮಗಳ (ಮಾಲು ಯಾವ ದೇಶದ್ದೆಂದು ತೀರ್ಮಾನಿಸುವ ನಿಯಮಗಳ) ಪ್ರಕಾರ, ಕೃಷಿ ಉತ್ಪನ್ನವಾದರೆ ಅದು ಅಲ್ಲಿಯ ನೆಲದಲ್ಲೇ ಬೆಳೆದಿರಬೇಕು. ಹೊರಗಿನ ಕಚ್ಚಾ ವಸ್ತುವಿನಿಂದ ತಯಾರಾದ ಸರಕಾದರೆ ಅದರ ಬೆಲೆಯಲ್ಲಿ ಕನಿಷ್ಠ ಶೇ 35ರಷ್ಟು ಮೌಲ್ಯ ಅಲ್ಲಿ ಸೇರಿರಬೇಕು, ಜೊತೆಗೆ ಸುಂಕಪಟ್ಟಿಯಲ್ಲಿ ಅದರ ವರ್ಗವನ್ನು ಸೂಚಿಸುವ ನಾಲ್ಕಂಕಿಯ ಶೀರ್ಷಿಕೆಯೂ ಬದಲಾಗಿರಬೇಕು. ವಿಯೆಟ್ನಾಂ ಮೆಣಸನ್ನು ಕೊಲಂಬೊದಲ್ಲಿ ಇಳಿಸಿ, ಜರಡಿ ಹಿಡಿದು, ಹೊಸ ಚೀಲಕ್ಕೆ ತುಂಬಿದ ಮಾತ್ರಕ್ಕೆ ಅದು ಶ್ರೀಲಂಕಾದ ಮೆಣಸಾಗುವುದಿಲ್ಲ. ಅಪ್ಪಟ ಶ್ರೀಲಂಕಾ ಮೆಣಸಿಗೂ ಎಲ್ಲೆಯಿಲ್ಲದ ವಿನಾಯಿತಿಯಿಲ್ಲ. ಸುಂಕವಿಲ್ಲದೆ ಬರಬಹುದಾದದ್ದು ವರ್ಷಕ್ಕೆ 2,500 ಟನ್ ಮಾತ್ರ. ಸೀಮಾ ಸುಂಕ ಮನ್ನಾ ಆದ ಮಾಲಿಗೂ ಐಜಿಎಸ್‌ಟಿ (ಸಮಗ್ರ ಸರಕು ಮತ್ತು ಸೇವಾ ತೆರಿಗೆ) ಕಟ್ಟಲೇಬೇಕು.

ಹಾಗಾದರೆ ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಬರುತ್ತಿದೆ ಎಂಬ ಬೆಳೆಗಾರರ ದೂರು ಬರಿಯ ಗಾಳಿಮಾತೇ ಎಂದರೆ, ಅಲ್ಲ. 2010ರಿಂದ ಜಾರಿಯಲ್ಲಿರುವ, ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ಒಪ್ಪಂದದಡಿ ವಿಯೆಟ್ನಾಂ ಮೆಣಸಿನ ಸುಂಕ ಹಂತಹಂತವಾಗಿ ಇಳಿದು ಶೇ 50ಕ್ಕೆ ನಿಂತಿದೆ. ನೇರವಾಗಿ ಬಂದರೆ ಬೆಲೆಯ ಅರ್ಧದಷ್ಟು ಸುಂಕ, ಶ್ರೀಲಂಕಾದ ಹೆಸರಿನಲ್ಲಿ ಬಂದರೆ ಸೊನ್ನೆ ಎಂದಾಗ ಸುಳ್ಳು ಮೂಲಪತ್ರ (ಮಾಲು ಯಾವ ದೇಶದ್ದೆಂಬ ಪ್ರಮಾಣಪತ್ರ) ಮಾಡಿಸುವ ಆಸೆ ಹುಟ್ಟುವುದು ಸಹಜ. ಆದರೆ ಅದು ಒಪ್ಪಂದ ಕೊಟ್ಟ ಸೌಲಭ್ಯವಲ್ಲ, ಒಪ್ಪಂದದ ಉಲ್ಲಂಘನೆ. ಈ ವ್ಯತ್ಯಾಸವನ್ನು ಗಮನಿಸಲೇಬೇಕು, ಏಕೆಂದರೆ ಪರಿಹಾರವೂ ಅದನ್ನೇ ಅವಲಂಬಿಸಿದೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಗ್ಗದ ಮೆಣಸು ಒಳಬರದಂತೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿಪಡಿಸಿದಾಗ ಒಪ್ಪಂದದ ಒಂದಕ್ಷರವೂ ಬದಲಾಗಿರಲಿಲ್ಲ. 2020ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಸೀಮಾ ಸುಂಕ ನಿಯಮಗಳಂತೆ ಈಗ ಮೂಲಪತ್ರವೊಂದೇ ಸಾಲದು. ಮಾಲು ಆ ದೇಶದ್ದೇ ಎಂಬುದಕ್ಕೆ ಬೇಕಾದ ಮಾಹಿತಿಯನ್ನು ಆಮದುದಾರನೇ ಹೊಂದಿದ್ದು, ಕನಿಷ್ಠ ಐದು ವರ್ಷ ಕಾಪಾಡಿಕೊಂಡು, ಅಧಿಕಾರಿ ಕೇಳಿದಾಗ ಒದಗಿಸಬೇಕು. ಆದ್ದರಿಂದ ಒಪ್ಪಂದ ಬದಲಾಗುವ ಸುದ್ದಿ ಬಂದಾಗ ಸುಂಕದ ದರವನ್ನಷ್ಟೇ ನೋಡಿ ಗಾಬರಿಯಾಗಬೇಡಿ. ಮಿತಿಯ ಪ್ರಮಾಣ ಹೆಚ್ಚಿತೇ, ಮೂಲ ನಿಯಮ ಸಡಿಲವಾಯಿತೇ ಎಂದು ನೋಡಿ.

ಯಾರೂ ನೇರವಾಗಿ ಕೇಳದಿದ್ದರೂ ಇಲ್ಲೇ ಇನ್ನೊಂದು ಮಾತು ಹೇಳಬೇಕು. ಚೀನಾದ ಕಚ್ಚಾ ರೇಷ್ಮೆಯೂ ಮುಕ್ತ ವ್ಯಾಪಾರ ಒಪ್ಪಂದದಿಂದಲೇ ಬರುತ್ತಿದೆ ಎಂದು ಮಂಡ್ಯ ಕಡೆಯ ರೇಷ್ಮೆ ಬೆಳೆಗಾರರು ಹೇಳುವುದುಂಟು. ಚೀನಾದೊಂದಿಗೆ ಭಾರತಕ್ಕೆ ದ್ವಿಪಕ್ಷೀಯ ಮುಕ್ತ ವ್ಯಾಪಾರ ಒಪ್ಪಂದವೇ ಇಲ್ಲ. ಚೀನಾ ಸದಸ್ಯನಾಗಿರುವ ಆರ್‌ಸಿಇಪಿ ಎಂಬ ಏಷ್ಯಾ–ಪೆಸಿಫಿಕ್ ವ್ಯಾಪಾರ ಒಪ್ಪಂದದ ಮಾತುಕತೆಯಿಂದ ಭಾರತ 2019ರ ನವೆಂಬರ್‌ನಲ್ಲಿ ಹೊರಬಂದಿತು. 2022ರಲ್ಲಿ ಅದು ಜಾರಿಗೆ ಬಂದದ್ದು ನಮ್ಮನ್ನು ಬಿಟ್ಟೇ. ಕಚ್ಚಾ ರೇಷ್ಮೆಯ ಸುಂಕವನ್ನು ಏರಿಸುವುದೂ ಇಳಿಸುವುದೂ ಕೇಂದ್ರ ಹಣಕಾಸು ಸಚಿವಾಲಯದ ಕೈಯಲ್ಲಿದೆ. ಬೆಳೆಗಾರರ ಮನವಿ ಬಜೆಟ್‌ಗೆ ಮುಂಚೆ ಅಲ್ಲಿಗೆ ತಲುಪಬೇಕು.