ನೆರಳಿನ ಸಸಿ ಉದ್ದ ಹೋದ ಹಾಗೆ

ತೀರ್ಥಹಳ್ಳಿ ಕಡೆಯ ನಮ್ಮಜ್ಜನ ಮನೆಯಲ್ಲಿ ಮೂರು ವರ್ಷದ ಹಿಂದೆ ಒಂದು ಪವಾಡವಾಯಿತು. ಎಪ್ಪತ್ತಾರರ ಅಜ್ಜ ಒಂದು ಬೆಳಿಗ್ಗೆ ಚಾಳೀಸು ಬಿಚ್ಚಿಟ್ಟು, ಜಗಲಿಯಲ್ಲಿ ಕೂತು, ಪೇಪರಿನ ಅಡಿಕೆ ಧಾರಣೆ ಓದತೊಡಗಿದರು. ಸರಕು, ಬೆಟ್ಟೆ, ರಾಶಿ, ಗೊರಬಲು, ಒಂದಂಕಿಯೂ ತಪ್ಪಲಿಲ್ಲ. ಮಾವನಿಗೆ ಹಿಗ್ಗೋ ಹಿಗ್ಗು. ದಿನಾ ಸೂರ್ಯನನ್ನು ನೋಡಿಸಿದ್ದು, ಅಂಗೈ ಉಜ್ಜಿ ಕಣ್ಣಿಗೆ ಒತ್ತಿಸಿದ್ದು, ‘ನನಗೆ ಕಾಣುತ್ತದೆ’ ಎಂದು ಹನ್ನೊಂದು ಸಲ ಹೇಳಿಸಿದ್ದು ಎಲ್ಲ ಅವರೇ.

ನಾನು ಸುಮ್ಮನಿರಲಾರದೆ, “ಅಜ್ಜ, ನಿಮಗೆ ಪೊರೆ ಬರ್ತಾ ಇರಬೇಕು” ಅಂದೆ. ಮಾವ ಮೂರು ದಿನ ನನ್ನ ಹತ್ತಿರ ಮಾತು ಬಿಟ್ಟರು.

ಮುಪ್ಪಿನಲ್ಲಿ ಕಣ್ಣೊಳಗಿನ ಮಸೂರದ ತಿರುಳು ಗಟ್ಟಿಯಾಗಿ ಪೊರೆ ಕಟ್ಟುವಾಗ ಅದು ಬೆಳಕನ್ನು ಮೊದಲಿಗಿಂತ ಹೆಚ್ಚು ಬಾಗಿಸುತ್ತದೆ. ಓದುವ ಕನ್ನಡಕ ಮಾಡುವ ಕೆಲಸವೂ ಅದೇ. ಕೆಲಕಾಲ ಪೊರೆಯೇ ಕನ್ನಡಕವಾಗುತ್ತದೆ. ಜಗಲಿಯ ಬಿಸಿಲಿಗೆ ಪಾಪೆ ಕಿರಿದಾಗಿ ಅಕ್ಷರ ಇನ್ನಷ್ಟು ಚೂಪಾಗುತ್ತದೆ. ಅದೇ ಹೊತ್ತಿಗೆ ಅಂಗಳದಾಚೆಯ ಮರದಲ್ಲಿ ಅಡಿಕೆ ಕೊನೆ (ಗೊನೆ) ಹಣ್ಣಾಗಿದೆಯೋ ಇಲ್ಲವೋ ಎಂಬುದು ಅಜ್ಜನಿಗೆ ತಿಳಿಯುತ್ತಿರಲಿಲ್ಲ. ಅದನ್ನು ಯಾರೂ ಪವಾಡದ ಲೆಕ್ಕಕ್ಕೆ ಸೇರಿಸಲಿಲ್ಲ.

ಈ ಅಂಗೈ ಚಿಕಿತ್ಸೆಯೆಲ್ಲ ಋಷಿಮುನಿಗಳದ್ದು ಎಂದು ಮಾವನ ನಂಬಿಕೆ. ಆದರೆ ಅವರ ಮೊಬೈಲಿಗೆ ಬಂದ ವಿಡಿಯೊದ ಪಾಠ ಬಹುಪಾಲು ನ್ಯೂಯಾರ್ಕಿನ ಕಣ್ಣಿನ ವೈದ್ಯ ವಿಲಿಯಂ ಬೇಟ್ಸ್ 1920ರಲ್ಲಿ ಪುಸ್ತಕ ಮಾಡಿ ಹಂಚಿದ್ದು. ಕಣ್ಣುಗುಡ್ಡೆಯ ಹೊರಗಿನ ಸ್ನಾಯುಗಳು ಗುಡ್ಡೆಯನ್ನೇ ಹಿಂಡಿ ಉದ್ದಗಿಡ್ಡ ಮಾಡುತ್ತವೆ, ಮನಸ್ಸಿನ ಒತ್ತಡದಿಂದ ಅವು ಬಿಗಿಯುತ್ತವೆ, ಮನಸ್ಸು ಸಡಿಲವಾದರೆ ಕನ್ನಡಕ ಬೇಕಾಗುವ ದೋಷ ವಾಸಿಯಾಗುತ್ತದೆ ಎಂಬುದು ಅವರ ವಾದ.

ಬೇಸರವೆಂದರೆ, ಈ ವಾದ ಹುಟ್ಟುವ ನೂರಿಪ್ಪತ್ತು ವರ್ಷ ಮೊದಲೇ ಅದಕ್ಕೆ ಉತ್ತರ ಸಿಕ್ಕಿತ್ತು. 1801ರಲ್ಲಿ ಲಂಡನ್ನಿನ ವಿಜ್ಞಾನಿ ಥಾಮಸ್ ಯಂಗ್ ತನ್ನ ಕಣ್ಣನ್ನು ಮೂಗಿನ ಕಡೆ ಹೊರಳಿಸಿ, ಹೊರಬದಿಯಿಂದ ಗುಡ್ಡೆಯ ಹಿಂದಕ್ಕೆ ಬೀಗದ ಕೈಯ ಉಂಗುರ ತೂರಿಸಿ ಒತ್ತಿಕೊಂಡ. (ದಯವಿಟ್ಟು ಮಾಡಿ ನೋಡಬೇಡಿ.) ಒತ್ತಿದಲ್ಲಿ ಬೆಳಕಿನ ಚುಕ್ಕೆ ಕಂಡಿತು. ಹತ್ತಿರದ್ದನ್ನು ನೋಡುವಾಗ ಗುಡ್ಡೆ ಉದ್ದವಾಗುವುದಾದರೆ ಆ ಚುಕ್ಕೆ ಹಿಗ್ಗಬೇಕಿತ್ತು. ಹಿಗ್ಗಲಿಲ್ಲ. ಆಮೇಲೆ ಕಣ್ಣಿನ ಮುಂದೆ ನೀರು ನಿಲ್ಲಿಸಿ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರದ) ಬೆಳಕು ಬಾಗಿಸುವ ಶಕ್ತಿಯನ್ನೇ ಅಳಿಸಿ ನೋಡಿದ. ಆಗಲೂ ನೋಟ ಹತ್ತಿರಕ್ಕೆ, ದೂರಕ್ಕೆ ಹೊಂದಿಕೊಳ್ಳುತ್ತಿತ್ತು. ಉಳಿದದ್ದು ಒಳಗಿನ ಮಸೂರ ಮಾತ್ರ. ನಲವತ್ತು ದಾಟಿದ ಮೇಲೆ ಪೆಡಸಾಗಿ ನಮ್ಮೆಲ್ಲರ ಕೈಗೆ ಚಾಳೀಸು ಕೊಡುವುದೂ ಆ ಮಸೂರವೇ.

ಮಕ್ಕಳ ಸೈಟಿನ, ಅಂದರೆ ದೂರದ್ದು ಮಸುಕಾಗಿ ಕಾಣುವ ದೋಷದ, ಕಥೆ ಬೇರೆ. ಅಲ್ಲಿ ಮಸೂರದ ತಪ್ಪಿರುವುದು ಅಪರೂಪ, ಗುಡ್ಡೆಯೇ ಉದ್ದ ಬೆಳೆದಿರುತ್ತದೆ. ದೊಡ್ಡವರ ಕಣ್ಣಿನ ಉದ್ದ ಸುಮಾರು 24 ಮಿಲಿಮೀಟರ್. ಅದು ಒಂದೇ ಮಿಲಿಮೀಟರ್ ಹೆಚ್ಚಾದರೆ ಕನ್ನಡಕ ಎರಡೂವರೆಯಿಂದ ಮೂರು ಪಾಯಿಂಟು (ಡಯಾಪ್ಟರ್) ಮೈನಸ್! ಟೆಂಟ್ ಸಿನಿಮಾದಲ್ಲಿ ಪ್ರೊಜೆಕ್ಟರ್ ಮುಟ್ಟದೆ ಪರದೆಯನ್ನು ಮಾತ್ರ ಹಿಂದಕ್ಕೆಳೆದ ಹಾಗೆ, ಚಿತ್ರ ಪರದೆಗಿಂತ ಮೊದಲೇ ಕೂಡಿ, ಪರದೆಯ ಮೇಲೆ ಮಸುಕಾಗಿ ಬೀಳುತ್ತದೆ.

ಯಾಕೆ ಉದ್ದವಾಗುತ್ತದೆ? ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ದಟ್ಟ ನೆರಳಿನಲ್ಲಿ ನೆಟ್ಟ ಅಡಿಕೆ ಸಸಿ ಏನು ಮಾಡುತ್ತದೆ? ಸಪೂರವಾಗಿ ಉದ್ದಕ್ಕೆ ಹೋಗುತ್ತದೆ. ಬೆಳಕು ಕಮ್ಮಿ ಬಿದ್ದ ಕಣ್ಣೂ ಹಾಗೆಯೇ. ಹೋಲಿಕೆ ಪೂರ್ತಿ ಸರಿಯಲ್ಲ, ಒಪ್ಪಿದೆ. ಸಸಿ ಬೆಳಕನ್ನು ಹುಡುಕಿಕೊಂಡು ಹೋಗುತ್ತದೆ, ಕಣ್ಣು ಏನನ್ನೂ ಹುಡುಕುವುದಿಲ್ಲ, ಅದಕ್ಕೆ ‘ಸಾಕು, ನಿಲ್ಲು’ ಎನ್ನುವವರು ಇರುವುದಿಲ್ಲ ಅಷ್ಟೆ. ಪ್ರಖರ ಬೆಳಕು ಬಿದ್ದಾಗ ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲ ಡೋಪಮೈನ್ ಎಂಬ ರಾಸಾಯನಿಕವನ್ನು ಸ್ರವಿಸುತ್ತದೆ, ಅದು ಬೆಳವಣಿಗೆಗೆ ಬ್ರೇಕು ಹಾಕುತ್ತದೆ ಎಂಬುದು ಈಗ ಹೆಚ್ಚು ಬೆಂಬಲವಿರುವ ವಿವರಣೆ. ಆಗುಂಬೆ ಘಾಟಿ ಇಳಿಯುವ ಬಸ್ಸನ್ನು ನೆನೆಸಿಕೊಳ್ಳಿ. ಇಂಜಿನ್ ಸರಿಯಿದೆ, ಸ್ಟೇರಿಂಗ್ ಸರಿಯಿದೆ, ಬ್ರೇಕು ಮಾತ್ರ ಮೆತ್ತಗಿದೆ.

ಕಣ್ಣಿನ ಬೆಳವಣಿಗೆಯನ್ನು ನೋಟವೇ ತಿದ್ದುತ್ತದೆ ಎಂಬ ಸುಳಿವು ಸಿಕ್ಕಿದ್ದು ಕೋತಿಗಳಿಂದ. 1977ರಲ್ಲಿ ಟಾರ್ಸ್ಟನ್ ವೀಸೆಲ್ ಮತ್ತು ಎಲಿಯೊ ರವಿಯೊಲಾ ಮರಿಕೋತಿಗಳ ಒಂದು ರೆಪ್ಪೆಯನ್ನು ಹೊಲಿದಿಟ್ಟರೆ ಒಳಗಿನ ಗುಡ್ಡೆ ಉದ್ದವಾಗುವುದನ್ನು ತೋರಿಸಿದರು. (ವೀಸೆಲ್‌ಗೆ 1981ರಲ್ಲಿ ನೊಬೆಲ್ ಬಂದದ್ದು ಬೇರೆ ಕೆಲಸಕ್ಕೆ, ಮೆದುಳು ನೋಟವನ್ನು ಹೇಗೆ ಓದುತ್ತದೆ ಎಂಬುದಕ್ಕೆ.) ಮಕ್ಕಳ ಮೇಲಿನ ಪ್ರಯೋಗ ಚೀನಾದ ಗುವಾಂಗ್‌ಝೌನಲ್ಲಿ ನಡೆಯಿತು. ಕೆಲವು ಶಾಲೆಗಳ ಒಂದನೇ ತರಗತಿಯ ಮಕ್ಕಳನ್ನು ದಿನಾ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟರು. ಮೂರು ವರ್ಷದಲ್ಲಿ ಹೊಸದಾಗಿ ಸೈಟು ಬಂದವರು ಅಲ್ಲಿ ನೂರಕ್ಕೆ 30.4, ಬಿಡದ ಶಾಲೆಗಳಲ್ಲಿ 39.5. ಜಾದೂ ಏನಲ್ಲ, ಆದರೆ 40 ನಿಮಿಷಕ್ಕೆ ಇದು ಕಡಿಮೆಯೂ ಅಲ್ಲ.

ಆದರೆ ಒಮ್ಮೆ ಉದ್ದ ಹೋದ ಅಡಿಕೆಮರ ಗಿಡ್ಡವಾಗುವುದಿಲ್ಲ. ಅದರ ಬುಡದಲ್ಲಿ ನಿಂತು, ಕೊನೆ ಕೊಯ್ಯುವ ಕೊನೆಗೌಡ ಎಷ್ಟು ಧನಾತ್ಮಕವಾಗಿ ಯೋಚಿಸಿದರೂ ಹತ್ತಲೇಬೇಕು.

ಹಾಗಾದರೆ ಮನಸ್ಸಿಗೆ ಏನೂ ಪಾತ್ರವಿಲ್ಲವೇ? ಇದೆ, ಇಲ್ಲಿ ಮಾವನಿಗೆ ಅರ್ಧ ಅಂಕ ಕೊಡಬೇಕು. 2010ರಲ್ಲಿ ಹಾರ್ವರ್ಡಿನ ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ ಮತ್ತು ಸಂಗಡಿಗರು ಕೆಲವರಿಗೆ ಪೈಲಟ್ ವೇಷ ಹಾಕಿ ವಿಮಾನದ ಸಿಮ್ಯುಲೇಟರಿನಲ್ಲಿ ಕೂರಿಸಿದರು. ಅವರು ಉಳಿದವರಿಗಿಂತ ಸಣ್ಣ ಅಕ್ಷರ ಓದಿದರು. ದೂರದ ಗದ್ದೆಬಯಲಿನಿಂದ ಯಕ್ಷಗಾನದ ಭಾಗವತಿಕೆ ತೇಲಿ ಬರುವುದನ್ನು ಕೇಳಿದ್ದೀರಲ್ಲ? ಪ್ರಸಂಗ ಗೊತ್ತಿದ್ದವರಿಗೆ ಪದ್ಯದ ಸಾಲು ಸಾಲೂ ಕೇಳಿಸುತ್ತದೆ, ಗೊತ್ತಿಲ್ಲದವರಿಗೆ ಚಂಡೆ ಮಾತ್ರ. ಪ್ರಸಂಗ ಗೊತ್ತಿದ್ದವರ ಕಿವಿಯೇನೂ ಚುರುಕಾಗಿರುವುದಿಲ್ಲ, ಮೆದುಳು ಬಿಟ್ಟ ಜಾಗ ತುಂಬಿಕೊಳ್ಳುತ್ತದೆ. ಕನ್ನಡಕ ತೆಗೆದಿಟ್ಟು ವಾರ ಕಳೆದವರಿಗೆ ಪರವಾಗಿಲ್ಲ ಅನ್ನಿಸುವುದೂ ಹೀಗೆಯೇ. ಪಾಯಿಂಟು ಇದ್ದಲ್ಲೇ ಇರುತ್ತದೆ.

ಅಕ್ಕನ ಏಳು ವರ್ಷದ ಮಗಳ ವಿಷಯದಲ್ಲಿ ನನ್ನ ಜಗಳ ಇನ್ನೂ ಮುಗಿದಿಲ್ಲ. ಜುಲೈ ಬಂತೆಂದರೆ ಶಾಲೆಗೆ ಮಳೆ ರಜೆ, ಮಗು ನಡುಮನೆಯಲ್ಲಿ ಮೊಬೈಲ್ ಹಿಡಿದು ಕೂತಿರುತ್ತದೆ. ಮಲೆನಾಡಿನ ಹಳೇ ಮನೆಯ ನಡುಮನೆ ನಿಮಗೆ ಗೊತ್ತು, ಹಗಲಲ್ಲೂ ದೀಪ ಹಾಕಬೇಕು. ಟ್ಯೂಬ್‌ಲೈಟಿನ ತರಗತಿಯ ಬೆಳಕೇ 300ರಿಂದ 500 ಲಕ್ಸ್ (ಬೆಳಕಿನ ಅಳತೆ). ಬಿರುಬಿಸಿಲಿನದು ಸುಮಾರು ಒಂದು ಲಕ್ಷ. “ಈ ಕಪ್ಪು ಮೋಡದಲ್ಲಿ ಎಂಥ ಬೆಳಕು ಮಾರಾಯ” ಅಂತ ಅಕ್ಕ. ಮೋಡ ಕವಿದ ಹಗಲಲ್ಲೂ ಬಯಲಿನಲ್ಲಿ ಸಾಮಾನ್ಯವಾಗಿ ಸಾವಿರಗಟ್ಟಲೆ ಲಕ್ಸ್ ಇರುತ್ತದೆ. ಕಣ್ಣು ಒಳಗಿನ ಮಬ್ಬಿಗೂ ಹೊರಗಿನ ಬೆಳಕಿಗೂ ಎಷ್ಟು ಬೇಗ ಒಗ್ಗುತ್ತದೆಂದರೆ ಆ ಅಂತರ ನಮಗೆ ತಿಳಿಯುವುದೇ ಇಲ್ಲ. ಸೂರ್ಯನನ್ನೇ ದಿಟ್ಟಿಸುವ ಅಗತ್ಯವೂ ಇಲ್ಲ, ಅದು ಅಕ್ಷಿಪಟಲವನ್ನೇ ಸುಟ್ಟೀತು.

ಅಜ್ಜ ಕೊನೆಗೂ ಪೊರೆ ತೆಗೆಸಿದರು. ಈಗ ಜಗಲಿಯಲ್ಲಿ ಕೂತೇ ಯಾವ ಮರದ ಕೊನೆ ಹಣ್ಣಾಗಿದೆ ಎಂದು ಹೇಳುತ್ತಾರೆ. ಧಾರಣೆ ಓದಲು ಮತ್ತೆ ಚಾಳೀಸು ಬೇಕಾಗಿದೆ, ಆ ಸಿಟ್ಟು ನನ್ನ ಮೇಲಿದೆ. ಆದರೂ ಕಳೆದ ಮಳೆಗಾಲದಲ್ಲಿ ನನ್ನ ಪಕ್ಷ ಹಿಡಿದದ್ದು ಅವರೇ. ಅಟ್ಟದಲ್ಲಿದ್ದ, ಮಳೆಗೆ ಹೊದೆಯುವ ಹಳೇ ಗೊರಬು ಇಳಿಸಿ, ಧೂಳು ಕೊಡವಿ, ಮೊಮ್ಮಗಳ ತಲೆಗೇರಿಸಿ ಅಂಗಳಕ್ಕೆ ಕಳಿಸಿದರು. ಅದು ಅವಳಿಗಿಂತ ದೊಡ್ಡದಿತ್ತು. ಥಂಡಿಯಾದರೆ ನೀನೇ ನೋಡಿಕೋ ಎಂದು ಅಕ್ಕ ಒಳಗಿಂದ ಕೂಗುತ್ತಿದ್ದಳು.