ರೇಲಿಂಗ್ಸ್‌ಗೆ ಹೊಡೆಯುವ ‘ರೆಡ್ ಆಕ್ಸೈಡ್’ ಅಂದರೆ ಏನು?

ಬಾಲ್ಕನಿಗೆ ರೇಲಿಂಗ್ಸ್ ಮಾಡಿಸಲು ವೆಲ್ಡಿಂಗ್ ಅಂಗಡಿಗೆ ಹೋದರೆ ಒಂದು ಮಾತು ಬಂದೇ ಬರುತ್ತದೆ: ‘ರೆಡ್ ಆಕ್ಸೈಡ್ ಹೊಡೆದು ಕೊಡ್ತೀವಿ ಸಾರ್.’ ನಾವೂ ತಲೆಯಾಡಿಸಿ ಬರುತ್ತೇವೆ. ಆ ಒಂದು ‘ಹೂಂ’ನಲ್ಲಿ ಮೇಲಿನ ಬಣ್ಣ ಯಾವುದು ಅನ್ನೋದೂ ಹೆಚ್ಚುಕಡಿಮೆ ತೀರ್ಮಾನ ಆಗಿಬಿಡುತ್ತದೆ. ಹೇಗೆ ಅಂತ ಆಮೇಲೆ ನೋಡೋಣ, ಮೊದಲು ಹೆಸರು.

ರೆಡ್ ಆಕ್ಸೈಡ್ ಅಂದರೆ ಮೇಲಿನ ಬಣ್ಣಕ್ಕೂ ಮೊದಲು ಕಬ್ಬಿಣಕ್ಕೆ ಹೊಡೆಯುವ ತಳದ ಬಣ್ಣ, ಅಂದರೆ ಪ್ರೈಮರ್. ಅದಕ್ಕೆ ಕೆಂಪು ಬರುವುದು ಐರನ್ ಆಕ್ಸೈಡ್‌ನಿಂದ. ಕಬ್ಬಿಣ ಆಮ್ಲಜನಕದ ಜೊತೆ ಸೇರಿ ಆಗುವ ಕೆಂಪು ಪುಡಿ ಅದು. ಕೆಮ್ಮಣ್ಣಿನ ಕೆಂಪು, ಕರಾವಳಿ ದೇವಸ್ಥಾನಗಳ ಕಾವಿ ಚಿತ್ರದ ಕೆಂಪು, ಅಜ್ಜಿ ಮನೆಯ ನುಣ್ಣನೆ ನೆಲದ ಕೆಂಪು ಎಲ್ಲ ಇದೇ. ತುಕ್ಕು ಕೂಡ ಇದರ ದಾಯಾದಿ. ನೀರಿನಂಶ ಹಿಡಿದುಕೊಂಡ ಐರನ್ ಆಕ್ಸೈಡೇ ತುಕ್ಕು. ತುಕ್ಕು ಬರಬಾರದು ಅಂತ ತುಕ್ಕಿನ ದಾಯಾದಿಯನ್ನೇ ಬಳಿಯುತ್ತೇವೆ, ತಮಾಷೆ ಅಲ್ವಾ? ಆದರೆ ಲೆಕ್ಕ ಸರಿಯಿದೆ. ಈ ಪುಡಿ ಆಗಲೇ ಪೂರ್ತಿ ಆಕ್ಸೈಡ್ ಆಗಿದೆ, ಮುಂದೆ ಕೆಡಲು ಏನೂ ಉಳಿದಿಲ್ಲ. ಬಿಸಿಲಿಗೆ ಬಣ್ಣ ಮಾಸುವುದಿಲ್ಲ. ಬೆಲೆಯೂ ಕಡಿಮೆ.

ಹಾಗಂತ ಕೆಂಪು ಬಣ್ಣಕ್ಕೆ ತುಕ್ಕು ತಡೆಯುವ ಶಕ್ತಿ ಇದೆ ಅಂದುಕೊಳ್ಳಬೇಡಿ. ಆ ಕೆಲಸ ಮಾಡುವುದು ಪ್ರೈಮರ್‌ನೊಳಗೆ ಬೆರೆಸಿದ ಬೇರೆ ಪುಡಿ. ಹಿಂದೆ ಸೀಸದ ಸಿಂಧೂರ ಹಾಕುತ್ತಿದ್ದರು, ಆಮೇಲೆ ಜಿಂಕ್ ಕ್ರೋಮೇಟ್ ಬಂತು. ಎರಡೂ ವಿಷ. ಈಗ ಡಬ್ಬಿಯ ಮೇಲೆ ‘ಜಿಂಕ್ ಫಾಸ್ಫೇಟ್’ ಅಂತಿದ್ದರೆ ಅದನ್ನು ತೆಗೆದುಕೊಳ್ಳುವುದು ವಾಸಿ. ಸೀಸದ ಮಾತು ಬಂದದ್ದಕ್ಕೆ ಹೇಳುತ್ತೇನೆ: ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಅನ್ನುವ ಕೇಂದ್ರದ ನಿಯಮ ಬಂದದ್ದೇ 2016ರಲ್ಲಿ. ಅದಕ್ಕಿಂತ ಹಳೇ ರೇಲಿಂಗ್ಸ್ ಉಜ್ಜುವಾಗ ಒಣ ಧೂಳು ಎಬ್ಬಿಸಬೇಡಿ. ವಾಟರ್ ಪೇಪರ್ ಒದ್ದೆ ಮಾಡಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ.

ಇನ್ನು ನಾನೇ ಮಾಡಿದ ತಪ್ಪು. ಮನೆ ಕಟ್ಟುವಾಗ ರೇಲಿಂಗ್ಸ್ ಬಂತು, ಕೆಂಪಗೆ ಚೆನ್ನಾಗೇ ಇತ್ತು. ಬಣ್ಣ ಕೊನೆಯಲ್ಲಿ ಹೊಡೆದರಾಯಿತು ಅಂತ ಒಂದು ಮಳೆಗಾಲ ಸುಮ್ನೆ ಬಿಟ್ಟೆ. ರೆಡ್ ಆಕ್ಸೈಡ್ ಪ್ರೈಮರ್ ಅಂದರೆ ಹೊಳಪಿಲ್ಲದ, ತೇವ ಎಳೆದುಕೊಳ್ಳುವ ಪದರ. ಮೇಲಿನ ಬಣ್ಣ ಹಿಡಿದು ಕೂರಲಿ ಅಂತ ಹಾಗೆ ಮಾಡಿರುತ್ತಾರೆ. ಮಳೆಗೆ ಒಡ್ಡಿದರೆ ಅದರ ಅಡಿಯಲ್ಲೇ ತುಕ್ಕು ಶುರುವಾಗುತ್ತದೆ. ಕೆಂಪಿನ ಅಡಿಯ ಕೆಂಪು ಕಣ್ಣಿಗೆ ಬೀಳುವುದೂ ಇಲ್ಲ! ಅದರ ಮೇಲೇ ಬಣ್ಣ ಹೊಡೆಸಿದೆ. ಎರಡು ವರ್ಷಕ್ಕೆ ಬುಡದಲ್ಲಿ ಹಪ್ಪಳದ ಹಾಗೆ ಎದ್ದು ಬಂತು. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ, ಹಾಗಾಗಿ ಮೇಲಿನ ಬಣ್ಣವನ್ನು ಒಳಗಿಂದಲೇ ಎಬ್ಬಿಸಿಬಿಡುತ್ತದೆ.

ಈಗ ಆ ‘ಹೂಂ’ ವಿಷಯ. ರೆಡ್ ಆಕ್ಸೈಡ್ ಚೆನ್ನಾಗಿ ಹೊಂದುವುದು ಸಾಮಾನ್ಯ ಎನಾಮಲ್‌ಗೆ, ಅಂದರೆ ನಾವು ‘ಆಯಿಲ್ ಪೇಂಟ್’ ಅನ್ನುತ್ತೇವಲ್ಲ, ಅದಕ್ಕೆ. ಬಾಳಿಕೆ ಬೇಕು ಅಂತ ಗಟ್ಟಿಕಾರಕ (ಹಾರ್ಡನರ್) ಬೆರೆಸಿ ಹೊಡೆಯುವ ಪಿಯು, ಅಂದರೆ ಪಾಲಿಯುರೆಥೇನ್ ಪೇಂಟ್ ಆರಿಸಿದಿರಿ ಅಂತಿಟ್ಟುಕೊಳ್ಳಿ. ಅದರ ಥಿನ್ನರ್ ಖಾರ ಜಾಸ್ತಿ. ಕೆಳಗಿನ ರೆಡ್ ಆಕ್ಸೈಡನ್ನು ಮೆತ್ತಗೆ ಮಾಡಿ ಸುಕ್ಕು ಎಬ್ಬಿಸಬಹುದು. ಪಿಯುಗೆ ತಳದಲ್ಲಿ ಎಪಾಕ್ಸಿ ಅನ್ನುವ ಗಟ್ಟಿ ರಾಳದ ಪ್ರೈಮರ್ ಬೇಕು.

ಪೌಡರ್ ಕೋಟಿಂಗ್ ಮಾಡಿಸುವುದಾದರೆ ರೆಡ್ ಆಕ್ಸೈಡ್ ಮುಟ್ಟಿಸಲೇಬಾರದು. ತೊಳೆದ ಬರೀ ಲೋಹದ ಮೇಲೆ ವಿದ್ಯುತ್ ಸೆಳೆತದಿಂದ ಒಣ ಪುಡಿ ಕೂರಿಸಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದ ಓವನ್‌ನಲ್ಲಿ ಕರಗಿಸುತ್ತಾರೆ. ಪದರ ಒಂದೇ ಸಮ ಬರುತ್ತದೆ, ಬ್ರಶ್‌ನ ಗೆರೆ ಇರುವುದಿಲ್ಲ. ಆದರೆ ಮನೆಗೆ ತಂದಮೇಲೆ ಅಳತೆ ಸರಿಯಿಲ್ಲ ಅಂತ ಕತ್ತರಿಸಿ ಬೆಸುಗೆ ಹಾಕಿದರೆ ಅಲ್ಲಿಗೆ ಆ ಜಾಗದ ಕಥೆ ಮುಗೀತು.

ಜಿಐ ಪೈಪಿನದು, ಅಂದರೆ ಸತುವಿನ ಲೇಪ ಇರುವ ಕಬ್ಬಿಣದ ಪೈಪಿನದು, ಇನ್ನೊಂದು ರಗಳೆ. ಅದರ ಮೇಲಿನ ಸತುವು ಎನಾಮಲ್‌ನ ಎಣ್ಣೆ ಅಂಶದ ಜೊತೆ ಸೇರಿ ಸಾಬೂನಿನಂಥ ಪದರ ಮಾಡುತ್ತದೆ. ಬಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಅದಕ್ಕೆ ಸತುವಿನ ಮೈ ಹಿಡಿದುಕೊಳ್ಳುವ ‘ಎಚ್’ (etch) ಪ್ರೈಮರ್ ಅಂತ ಬೇರೆಯೇ ಸಿಗುತ್ತದೆ.

ನನ್ನನ್ನು ಕೇಳಿದರೆ, ಬಯಲುಸೀಮೆಯಲ್ಲಿ ಸಜ್ಜಾ ಕೆಳಗೆ ನೆರಳಲ್ಲಿರುವ ರೇಲಿಂಗ್ಸ್‌ಗೆ ರೆಡ್ ಆಕ್ಸೈಡ್ ಮತ್ತು ಎರಡು ಕೋಟ್ ಎನಾಮಲ್ ಧಾರಾಳ ಸಾಕು. ಮಾಸಿದರೆ ನಾವೇ ಉಜ್ಜಿ ಮತ್ತೆ ಹೊಡೆದುಕೊಳ್ಳಬಹುದು. ಮಂಗಳೂರು, ಕಾರವಾರದ ಕಡೆ ಕಡಲ ಉಪ್ಪುಗಾಳಿಗೆ ಅದು ನಿಲ್ಲುವುದಿಲ್ಲ. ಅಲ್ಲಿ ಎಪಾಕ್ಸಿ ಮೇಲೆ ಪಿಯುಗೆ ದುಡ್ಡು ಹಾಕಬೇಕು.

ಯಾವುದೇ ಆಗಲಿ, ಅಂಗಡಿಯವರು ಸ್ಪ್ರೇ ಗನ್ ಹಿಡಿಯುವ ಮೊದಲೇ ಹೇಳಬೇಕು. ‘ಬೆಸುಗೆ ಕಡೆ ಕಪ್ಪು ಚಕ್ಕೆ ಕೆರೆದು, ಎಣ್ಣೆ ಒರೆಸಿ, ಆಮೇಲೆ ಹೊಡೀರಿ’ ಅಂತಲೂ ಸೇರಿಸಿ. ಪೈಪಿನ ಚೂಪು ಅಂಚುಗಳಲ್ಲಿ ಬಣ್ಣ ತೆಳ್ಳಗೆ ಸರಿದುಹೋಗುತ್ತದೆ, ಅಲ್ಲಿಗೆ ಮತ್ತು ಕಂಬ ಕಾಂಕ್ರೀಟಿಗೆ ಇಳಿಯುವ ಬುಡಕ್ಕೆ ಮೊದಲು ಕೈಯಲ್ಲೇ ಬ್ರಶ್‌ನಿಂದ ಒಂದು ಸುತ್ತು ಬಳಿಸಿ. ಅಲ್ಲೇ ನಿಂತು ಮಾಡಿಸಿ, ಮಧ್ಯೆ ಕಾಫಿಗೆ ಹೋಗಬೇಡಿ.