ಮುಂಬಯಿಯ ಹಳೆಯ ಚಾಳ್‌ಗಳ ದುರಸ್ತಿಗೆ ದುಡ್ಡು ಯಾರದು?

ಪ್ರಶ್ನೆ: ಗಿರಗಾಂವ್‌ನ ಚಾಳ್ (ಸಾಲು ಕೋಣೆಗಳ ಬಾಡಿಗೆ ವಠಾರ) ಒಂದರಲ್ಲಿ ತಂದೆಯ ಕಾಲದಿಂದಲೂ ಬಾಡಿಗೆಗಿದ್ದೇವೆ. ಕಟ್ಟಡ ಶಿಥಿಲವಾಗಿದೆ, ಮಾಲೀಕರು ಇತ್ತ ತಲೆಹಾಕುವುದಿಲ್ಲ. ಸರ್ಕಾರ ಹಣ ಕೊಡುತ್ತದೆಯೇ?

ಕೊಡುತ್ತದೆ, ಆದರೆ ನಿಮ್ಮ ಕೈಗಲ್ಲ. ಅದರಲ್ಲೊಂದು ಪಾಲು ನಿಮ್ಮ ಜೇಬಿನದೇ.

ಮಾಲೀಕರು ಮುಖ ತಿರುಗಿಸಿದ್ದಕ್ಕೆ ಹಳೆಯ ಕಾರಣವಿದೆ. 1947ರ ಬಾಡಿಗೆ ಕಾಯ್ದೆ ಬಾಡಿಗೆಯನ್ನು 1940ರ ಸೆಪ್ಟೆಂಬರ್‌ನ ಮಟ್ಟಕ್ಕೆ ಕಟ್ಟಿಹಾಕಿತು. ಆ ಪುಡಿಗಾಸಿನಲ್ಲಿ ಒಂದು ತೊಲೆ ಬದಲಿಸುವುದೂ ಕಷ್ಟ. ಹೀಗೆ ಬಾಡಿಗೆಯನ್ನು ಕಟ್ಟಿಹಾಕಿದ್ದು ಸಮಂಜಸವಲ್ಲವೆಂದು ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿತು. (ಆ ಪ್ರಕರಣದ ಹೆಸರು ಮಲ್ಪೆ ವಿಶ್ವನಾಥ ಆಚಾರ್ಯ, ಕರಾವಳಿಯವರ ಕಿವಿ ನಿಮಿರಲೇಬೇಕು.) ಬಳಿಕ ಬಂದ 1999ರ ಕಾಯ್ದೆ ವರ್ಷಕ್ಕೆ ಶೇ 4ರ ಏರಿಕೆಗೆ ಅವಕಾಶ ಕೊಟ್ಟಿತು. ತಳಮಟ್ಟದ ಬಾಡಿಗೆಗೆ ಶೇ 4 ಸೇರಿದರೆ ಎಷ್ಟಾದೀತು?

ಕಟ್ಟಡಗಳು ಕುಸಿಯತೊಡಗಿದಾಗ, 1969ರಲ್ಲಿ ಸರ್ಕಾರ ದುರಸ್ತಿ ಮಂಡಳಿಯನ್ನು ರಚಿಸಿ ಉಪಕರ (ಸೆಸ್) ಹೇರಿತು. ಇಂದು ಆ ಮಂಡಳಿ ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ಅಂಗ. ಕೊಲಾಬಾದಿಂದ ಮಾಹಿಮ್, ಸಾಯನ್‌ವರೆಗಿನ ಹಳೆಯ ಮುಂಬಯಿಯ ಈ 'ಸೆಸ್' ಕಟ್ಟಡಗಳಿಂದ ಆಸ್ತಿ ತೆರಿಗೆಯೊಂದಿಗೆ ಉಪಕರ ವಸೂಲಾಗುತ್ತದೆ. ಅದಕ್ಕೆ ರಾಜ್ಯ ಸರ್ಕಾರ ಮತ್ತು ಪಾಲಿಕೆಯ ಹಣ ಸೇರುತ್ತದೆ.

ಈ ಹಣ ಕಂಬ, ತೊಲೆ, ಚಾವಣಿ, ಮೆಟ್ಟಿಲುಗಳಿಗೆ; ಮನೆಯೊಳಗಿನ ಸುಣ್ಣ-ಬಣ್ಣಕ್ಕಲ್ಲ. ಆ ಹಣಕ್ಕೂ ಚದರ ಮೀಟರಿಗೆ ಇಂತಿಷ್ಟೆಂಬ ಮಿತಿಯಿದೆ, ನಿಜವಾದ ಗಂಟು ಇರುವುದೇ ಇಲ್ಲಿ. ವೆಚ್ಚ ಮಿತಿ ದಾಟಿದರೆ ಹೆಚ್ಚುವರಿಯನ್ನು ನಿವಾಸಿಗಳೇ ಭರಿಸಬೇಕು. ಇಲ್ಲವಾದರೆ ಕಟ್ಟಡ ದುರಸ್ತಿಗೆ ಮೀರಿದ್ದೆಂದು ತೀರ್ಮಾನವಾಗಿ ನೀವು ಟ್ರಾನ್ಸಿಟ್ ಕ್ಯಾಂಪ್‌ಗೆ (ತಾತ್ಕಾಲಿಕ ವಸತಿಗೆ) ಹೊರಡಬೇಕಾದೀತು. ಅಲ್ಲೇ ದಶಕಗಳನ್ನು ಕಳೆದವರಿದ್ದಾರೆ. ಎಷ್ಟೋ ಕಡೆ ದುರಸ್ತಿಯೆಂದರೆ ಬಾಲ್ಕನಿಯ ಕೆಳಗೆ ಊರುಗೋಲಿನಂತೆ ನಿಲ್ಲಿಸಿದ ಮರದ ದಿಮ್ಮಿಗಳು, ಸ್ವಲ್ಪ ದಿನಕ್ಕೆ ಅವಕ್ಕೇ ಬಿಗಿದ ಬಟ್ಟೆ ಒಣಗಿಸುವ ಹಗ್ಗ.

ಶೇ 70ರಷ್ಟು ನಿವಾಸಿಗಳು ಕೋರಿದರೆ, ತಿಂಗಳ ಬಾಡಿಗೆಯ ನೂರು ಪಟ್ಟು ಪರಿಹಾರ ಕೊಟ್ಟು ಸರ್ಕಾರ ಕಟ್ಟಡವನ್ನೇ ವಶಪಡಿಸಿಕೊಳ್ಳಬಹುದೆಂಬ ನಿಯಮ 1986ರಲ್ಲಿ ಬಂತು. ಮಾಲೀಕರು ಕೋರ್ಟಿಗೆ ಹೋದರು. ಆ ವ್ಯಾಜ್ಯದಲ್ಲಿ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಪ್ರತಿಯೊಂದು ಖಾಸಗಿ ಆಸ್ತಿಯನ್ನೂ ಸಮುದಾಯದ ಸಂಪತ್ತೆನ್ನಲಾಗದು ಎಂದಿತು.

ನೀವು ಮೊದಲು ಮಾಡಬೇಕಾದದ್ದು: ಮಂಡಳಿಯ ವಲಯ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯುವುದು. ಬಾಡಿಗೆ ರಸೀದಿಗಳನ್ನು ಜೋಪಾನ ಮಾಡಿ. ತೆರವಿನ ನೋಟಿಸು ಬಂದ ದಿನ ನೀವು ಅಲ್ಲಿಯವರೆಂದು ಹೇಳುವುದು ಆ ರಸೀದಿಗಳ ಕಟ್ಟೇ.